22 ತಿಂಗಳ ಮಗ, ಏಳೇ ಮಾತು: ಕಾಯಬೇಕೇ, ತೋರಿಸಬೇಕೇ?

ಚಂದ್ರಿಕೆ (ಶಿಡ್ಲಘಟ್ಟ ತಾಲ್ಲೂಕು), ಡಿಸೆಂಬರ್ 28

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಪಕ್ಕದ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ರೇಷ್ಮೆ ಹುಳುವಿನ ಮನೆ, ಎರಡು ಹಸು. ಮಗನಿಗೆ ಈ ತಿಂಗಳಿಗೆ 22 ತುಂಬಿತು. ನಡಿಗೆ, ಓಟ, ಮೆಟ್ಟಿಲು ಹತ್ತುವುದು ಇವುಗಳಲ್ಲಿ ಅವನನ್ನು ಹಿಡಿಯುವವರಿಲ್ಲ. ಮಾತು ಮಾತ್ರ ಮುಂದಕ್ಕೆ ಹೋಗುತ್ತಿಲ್ಲ. ನಾನೂ ನನ್ನ ಹೆಂಡತಿಯೂ ಒಂದು ಸಂಜೆ ಕುಳಿತು ಎಣಿಸಿದಾಗ ಸಿಕ್ಕಿದ್ದು ಏಳು: ಅಮ್ಮ, ಅವ್ವ (ಅಜ್ಜಿಗೆ), ಅಂಬಾ, ಮಮ್ಮು, ಬಾ, ನೀಳ್ಳು, ಟಾಟಾ. ‘ಅಂಬಾ’ ಎಂಬುದನ್ನು ಮಾತೆಂದು ಲೆಕ್ಕ ಹಿಡಿಯಬಹುದೋ ಇಲ್ಲವೋ ಅದೂ ನಮಗೆ ಗೊತ್ತಿಲ್ಲ.

ಮನೆಯಲ್ಲಿ ನನ್ನ ತಾಯಿ ಅವನೊಂದಿಗೆ ತೆಲುಗಿನಲ್ಲಿ ಮಾತನಾಡುತ್ತಾರೆ, ಹೆಂಡತಿ ಗುಬ್ಬಿ ಕಡೆಯವಳಾದ್ದರಿಂದ ಕನ್ನಡದಲ್ಲಿ ಮಾತನಾಡುತ್ತಾಳೆ, ನಾನು ಎರಡನ್ನೂ ಬೆರೆಸುತ್ತೇನೆ. ಎರಡು ಭಾಷೆ ಕಿವಿಗೆ ಬಿದ್ದು ಮಗು ಗೊಂದಲಗೊಂಡಿದೆ ಎಂದು ನೆಂಟರೊಬ್ಬರು ಹೇಳುತ್ತಾರೆ. ನನ್ನ ತಾಯಿಯದು ಬೇರೆ ವಾದ: ‘ನೀನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು, ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಸರಿಹೋಗುತ್ತದೆ.’ ಕಿವಿಯ ಬಗ್ಗೆ ಅನುಮಾನವಿಲ್ಲ, ಏಕೆಂದರೆ ಕುಕ್ಕರ್ ಕೂಗಿದರೆ ಅವನು ಅಡುಗೆಮನೆಯತ್ತ ಓಡುತ್ತಾನೆ.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳುತ್ತೇನೆ. ಹುಳು ನಾಲ್ಕನೇ ಜ್ವರದಿಂದ, ಎಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಏಳೆಂಟು ದಿನ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ಆಮೇಲೆ ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು. ಆ ದಿನಗಳಲ್ಲಿ ಮಗುವಿನ ಕೈಗೆ ಫೋನ್ ಕೊಟ್ಟು ಕೂರಿಸುವುದು ಶುರುವಾಯಿತು. ಈಗ ಹುಳು ಇಲ್ಲದ ದಿನಗಳಲ್ಲೂ ಫೋನ್ ಇಲ್ಲದೆ ಅವನು ಒಂದು ತುತ್ತೂ ತಿನ್ನುವುದಿಲ್ಲ. ಮೂರು ವರ್ಷದವರೆಗೆ ಕಾಯಬೇಕೇ, ಈಗಲೇ ಯಾರಿಗಾದರೂ ತೋರಿಸಬೇಕೇ, ತಿಳಿದವರು ಹೇಳಬೇಕಾಗಿ ವಿನಂತಿ.

ಹಳೇ ಬೇರು (ಗೌರಿಬಿದನೂರು), ಡಿಸೆಂಬರ್ 28

ತಮ್ಮಾ, ಗಾಬರಿ ಬೇಡ. ನಾವೆಲ್ಲ ಹೊಂಗೆ ಮರಕ್ಕೆ ಕಟ್ಟಿದ ಸೀರೆ ತೊಟ್ಟಿಲಲ್ಲಿ ಬೆಳೆದವರು. ನಮ್ಮವ್ವ ಕಳೆ ಕೀಳುತ್ತಿದ್ದಳೇ ಹೊರತು ನಮ್ಮೆದುರು ಕುಳಿತು ಮಾತು ಕಲಿಸಲಿಲ್ಲ. ಗಂಡುಮಕ್ಕಳಿಗೆ ಮಾತು ತಡ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಈಗಿನವರು ಪ್ರತಿಯೊಂದಕ್ಕೂ ಆಸ್ಪತ್ರೆಯ ಚೀಟಿ ಮಾಡಿಸುತ್ತೀರಿ.

ಬಾಲವಾಡಿ ಅಜ್ಜಿ (ಕೋಲಾರ ತಾಲ್ಲೂಕು), ಡಿಸೆಂಬರ್ 29

ಚಂದ್ರಿಕೆಯವರೇ, ನಾನು ಮೂವತ್ತೊಂದು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತಳಾದವಳು. ವೈದ್ಯಳಲ್ಲ, ಮಕ್ಕಳನ್ನು ಕಂಡವಳು. ನೀವು ಮಾತನ್ನು ಎಣಿಸಿದ್ದು ಒಳ್ಳೆಯದಾಯಿತು, ಆದರೆ ಬಾಯಿಂದ ಬರುವ ಮಾತಿಗಿಂತ ಮೊದಲು ನೋಡಬೇಕಾದ ಕೆಲವು ಸಂಗತಿಗಳಿವೆ. ಅವನಿಗೆ ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನೆಯೇ? ಬೇಕಾಗಿಲ್ಲದಿದ್ದರೂ ಬರೀ ನಿಮಗೆ ತೋರಿಸುವುದಕ್ಕೆಂದು ಆಕಾಶದ ವಿಮಾನವನ್ನೋ ಗೋಡೆಯ ಹಲ್ಲಿಯನ್ನೋ ತೋರಿಸಿ ನಿಮ್ಮ ಮುಖ ನೋಡುತ್ತಾನೆಯೇ? ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆದರೆ ತಿರುಗುತ್ತಾನೆಯೇ? ನೀವು ಕೈಸನ್ನೆ ಮಾಡದೆ ‘ಚಪ್ಪಲಿ ತಗೊಂಡು ಬಾ’ ಎಂದರೆ ತರುತ್ತಾನೆಯೇ? ಈ ನಾಲ್ಕಕ್ಕೂ ಉತ್ತರ ಬರೆಯಿರಿ. ಅರ್ಥವಾಗುತ್ತಿದ್ದು ಆಡದಿರುವ ಮಗುವಿಗೂ, ಅರ್ಥವೇ ಆಗದಿರುವ ಮಗುವಿಗೂ ಬಹಳ ವ್ಯತ್ಯಾಸವಿದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲ್ವಿಚಾರಕಿಯರು ಬಂದರೆ ಮೊದಲು ಕೇಳುತ್ತಿದ್ದುದು ತೂಕದ ರಿಜಿಸ್ಟರ್. 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಎಂಬ ಅಂಗನವಾಡಿ ಯೋಜನೆ ಆರಂಭವಾಗಿ ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರಕ್ಕೆ ಮೊದಲು ಬಂದ ಕಾಲಕ್ಕೆ ಹಸಿವೇ ದೊಡ್ಡ ಸಮಸ್ಯೆಯಾಗಿತ್ತು, ಆದ್ದರಿಂದ ಅದು ಸರಿಯೇ. ತೂಕದ ಗೆರೆ ಮೇಲೇರುತ್ತಿದ್ದರೆ ಆ ಮಗುವಿನ ಬಗ್ಗೆ ನಾವು ನಿಶ್ಚಿಂತೆಯಾಗಿರುತ್ತಿದ್ದೆವು. ತೂಕ ಸರಿಯಿದ್ದೂ ಯಾರ ಮುಖವನ್ನೂ ನೋಡದೆ ಮೂಲೆಯಲ್ಲಿ ಕೂರುತ್ತಿದ್ದ ಮಕ್ಕಳು ನಮ್ಮ ಕಣ್ಣಿಗೆ ಬೀಳುವುದು ತಡವಾಗುತ್ತಿತ್ತು. ಅಂಥ ಒಬ್ಬ ಹುಡುಗಿಯನ್ನು ‘ಬಹಳ ಸಾಧು’ ಎಂದು ನಾನೇ ಎರಡು ವರ್ಷ ಹೊಗಳಿದ್ದೆ. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ. 2024ರಲ್ಲಿ ಕೇಂದ್ರ ಸರ್ಕಾರ ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗೆ ‘ನವಚೇತನ’ ಎಂದೂ, ಮೂರರಿಂದ ಆರು ವರ್ಷದವರಿಗೆ ‘ಆಧಾರಶಿಲಾ’ ಎಂದೂ ಎರಡು ಚೌಕಟ್ಟುಗಳನ್ನು ಹೊರತಂದಿದೆ. ಮಗುವಿನೊಂದಿಗೆ ಆಡುವುದು, ಮಾತನಾಡುವುದು ಕೂಡ ಪೋಷಣೆಯೇ ಎಂಬುದನ್ನು ಮೊದಲ ಚೌಕಟ್ಟು ತಿಂಗಳು ತಿಂಗಳಿನ ಲೆಕ್ಕದಲ್ಲಿ ಹೇಳುತ್ತದೆ.

ಬಿಡುವಿಲ್ಲ ಎಂದಿರಿ. ಮಾತಿಗೆಂದು ಬೇರೆ ಬಿಡುವು ಮಾಡಿಕೊಳ್ಳಬೇಕಾಗಿಲ್ಲ. ಈಗ ಅವರೆಕಾಯಿ ಕಾಲ, ನಿಮ್ಮ ಮನೆಯಲ್ಲೂ ಸಂಜೆಗೆ ಒಂದು ಮೊರ ಕಾಯಿ ಬಿದ್ದೇ ಇರುತ್ತದೆ. ಮಗನನ್ನು ಎದುರಿಗೆ ಕೂರಿಸಿಕೊಳ್ಳಿ. ನೀವು ಸಿಪ್ಪೆ ಬಿಡಿಸಿ ಅವನಿಗೆ ತೋರಿಸಿ, ‘ಒಳಗೆ ಯಾರಿದ್ದಾರೆ?’ ಎಂದು ಕೇಳಿ ಸುಮ್ಮನಿರಿ. ಅವನು ಬೆರಳಿನಿಂದ ಕಾಳನ್ನು ಕೀಳುತ್ತಾನೆ. ಹೆಬ್ಬೆರಳು ತೋರುಬೆರಳು ಸೇರುವ ಆ ಹಿಡಿತವೇ ಮುಂದೆ ಬಳಪ ಹಿಡಿಯುವ ಹಿಡಿತ. ‘ಕಾಳು’ ಎನ್ನಿ. ಬಟ್ಟಲಿಗೆ ಹಾಕಿದಾಗ ‘ಟಣ್’ ಎನ್ನಿ. ಹುಳ ಸಿಕ್ಕಿದರೆ ‘ಅಯ್ಯೋ, ಹುಳ!’ ಎಂದು ಮುಖ ಅಗಲಿಸಿ. ರೇಷ್ಮೆ ಮನೆಯ ಮಗುವಿಗೆ ಹುಳ ಹೊಸದೇನಲ್ಲ, ಆದರೆ ಅವರೆಯ ಹಸಿರು ಹುಳ ಅವನ ಪಾಲಿಗೆ ಬೇರೆಯದೇ ಸುದ್ದಿ. ಮಾರನೆಯ ದಿನ ನೆನೆಸಿದ ಕಾಳನ್ನು ಹಿತುಕುವಾಗ ಬೇಳೆ ಪುಳಕ್ಕನೆ ಹಾರಿ ಎಲ್ಲೋ ಬೀಳುತ್ತದೆ. ಅದನ್ನು ಹುಡುಕುವುದು ಒಂದು ಆಟ. ಇಷ್ಟರಲ್ಲಿ ಒಳಗೆ, ಹೊರಗೆ, ಹಾಕು, ತೆಗೆ, ಬಿತ್ತು, ಎಲ್ಲಿ, ಸಿಕ್ಕಿತು ಎಂಬ ಮಾತುಗಳೆಲ್ಲ ಅವನ ಕೈಯ ಮೂಲಕವೇ ಹಾದು ಹೋಗಿರುತ್ತವೆ. ಒಂದೇ ಎಚ್ಚರಿಕೆ: ಈ ವಯಸ್ಸಿನ ಮಕ್ಕಳು ಕಾಳನ್ನು ಮೂಗಿಗೆ ತುರುಕಿಕೊಳ್ಳುತ್ತವೆ, ಉಸಿರುನಾಳಕ್ಕೂ ಎಳೆದುಕೊಳ್ಳುತ್ತವೆ. ನೀವು ಎದ್ದರೆ ಮೊರವೂ ನಿಮ್ಮೊಂದಿಗೇ ಏಳಬೇಕು. ಕಡಲೆಕಾಯಿ ಬೀಜಕ್ಕೂ ಅಡಿಕೆ ಚೂರಿಗೂ ಇದೇ ಮಾತು.

ಗಡಿನಾಡ ತಾಯಿ (ಮುಳಬಾಗಿಲು), ಡಿಸೆಂಬರ್ 29

ಎರಡು ಭಾಷೆಯ ವಿಚಾರಕ್ಕೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ನನ್ನ ಮಗಳಿಗೆ ಎರಡೂವರೆ ವರ್ಷವಾಗಿದ್ದಾಗ ಇಲ್ಲಿನ ಒಂದು ಖಾಸಗಿ ಶಿಶುವಿಹಾರದವರು, ಹೆಸರು ಬೇಡ, ಮನೆಯಲ್ಲಿ ತೆಲುಗು ನಿಲ್ಲಿಸಿ ಎಂದರು. ಕನ್ನಡವೂ ಬೇಡ, ಇಂಗ್ಲಿಷ್ ಮಾತ್ರ ಇರಲಿ ಎಂದು ಆಮೇಲೆ ಸೇರಿಸಿದರು. ನಮ್ಮ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಹೀಗಾಗಿ ಅವರು ಮೊಮ್ಮಗಳೊಂದಿಗೆ ಮಾತನ್ನೇ ನಿಲ್ಲಿಸಿಬಿಟ್ಟರು. ದಿನವಿಡೀ ಮಗುವಿನೊಂದಿಗೆ ಇರುತ್ತಿದ್ದ ಒಂದೇ ಜೀವ ಅವರು. ನಾನು ಸಂಜೆ ಬಂದು ‘ಕಮ್, ಸಿಟ್, ಈಟ್’ ಎನ್ನುತ್ತಿದ್ದೆ. ಅದಕ್ಕಿಂತ ಮುಂದೆ ಹೋಗುವಷ್ಟು ಇಂಗ್ಲಿಷ್ ನನಗೂ ಬಾಯಿಗೆ ಬರುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಮಗು ಇದ್ದ ಮಾತನ್ನೂ ಕಡಿಮೆ ಮಾಡಿತು.

ಆಮೇಲೆ ನಾವು ತೋರಿಸಿದ ವಾಕ್ ತಜ್ಞೆ ಕೇಳಿದ ಮೊದಲ ಪ್ರಶ್ನೆ, ‘ಅಜ್ಜಿ ಯಾವ ಭಾಷೆಯಲ್ಲಿ ನಗುತ್ತಾರೆ?’ ಎಂಬುದು. ಮರುದಿನದಿಂದಲೇ ಅತ್ತೆಯವರ ತೆಲುಗು ಮನೆಗೆ ಮರಳಿತು. ಮಗಳು ಈಗ ಎರಡನೇ ತರಗತಿ. ಅಜ್ಜಿಯೊಂದಿಗೆ ತೆಲುಗು, ನನ್ನೊಂದಿಗೆ ಕನ್ನಡ, ಪಕ್ಕದ ಮನೆಯ ಗೆಳತಿಯೊಂದಿಗೆ ಉರ್ದುವಿನ ಅರ್ಧಂಬರ್ಧ. ಜಗಳವನ್ನು ಮೂರರಲ್ಲೂ ಆಡುತ್ತಾಳೆ.

ಕಲ್ಪತರು (ತುಮಕೂರು), ಡಿಸೆಂಬರ್ 30

ನಾನು ವೃತ್ತಿಯಿಂದ ವಾಕ್ ಮತ್ತು ಶ್ರವಣ ಚಿಕಿತ್ಸಕಿ. ಮಗುವನ್ನು ನೋಡದೆ ಯಾವ ನಿರ್ಣಯವನ್ನೂ ಹೇಳಲಾರೆ, ಆದರೆ ಚಂದ್ರಿಕೆಯವರ ಪ್ರಶ್ನೆಗಳಲ್ಲಿ ಕೆಲವಕ್ಕೆ ನೇರ ಉತ್ತರಗಳಿವೆ.

‘ಅಂಬಾ’ ಎಂಬುದು ಮಾತೇ. ಹಸುವನ್ನು ಕಂಡಾಗಲೆಲ್ಲ ಅದೇ ಸದ್ದನ್ನು ಮಾಡಿದರೆ ಅದು ಅವನ ಪದಕೋಶದಲ್ಲಿದೆ ಎಂದೇ ಅರ್ಥ. ಎರಡು ಭಾಷೆಗಳಿಂದ ಮಾತು ಕೆಡುವುದಿಲ್ಲ. ಪದಗಳನ್ನು ಎಣಿಸುವಾಗ ಎರಡೂ ಭಾಷೆಗಳ ಪದಗಳನ್ನು ಕೂಡಿಸಿ ಎಣಿಸಬೇಕು, ಅಷ್ಟೆ. ಹಾಗೆ ಕೂಡಿಸಿದರೂ 22 ತಿಂಗಳಿಗೆ ಏಳು ಕಡಿಮೆಯೇ. ಎರಡು ವರ್ಷದ ಹೊತ್ತಿಗೆ ಮಕ್ಕಳು ಸಾಮಾನ್ಯವಾಗಿ ಎರಡು ಪದಗಳನ್ನು ಜೋಡಿಸಿ ‘ಅಮ್ಮ ಬಾ’, ‘ಹಾಲು ಬೇಡ’ ಎನ್ನುವ ಹಂತಕ್ಕೆ ಬಂದಿರುತ್ತಾರೆ. ತಡವಾಗಿ ಮಾತನಾಡುವ ಅನೇಕ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ ಎಂಬ ಹಳೇ ಬೇರು ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ತೊಡಕು ಏನೆಂದರೆ, ಯಾವ ಮಗು ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು ಈ ವಯಸ್ಸಿನಲ್ಲಿ ದೂರದಿಂದ ನೋಡಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಮೂರು ವರ್ಷದವರೆಗೆ ಕಾಯಬೇಡಿ. ಆಡುತ್ತಿದ್ದ ಮಾತನ್ನು ಮಗು ಕಳೆದುಕೊಳ್ಳುತ್ತಿದ್ದರಂತೂ ಯಾವ ವಯಸ್ಸಿನಲ್ಲಾದರೂ ತಕ್ಷಣ ತೋರಿಸಬೇಕು.

ಮೊದಲು ಕಿವಿ. ಕುಕ್ಕರ್ ಕೂಗಿಗೆ ಓಡುತ್ತಾನೆ ಎಂದಿದ್ದೀರಿ. ಪೋಷಕರಲ್ಲಿ ಹೆಚ್ಚಿನವರು ಇದನ್ನೇ ಹೇಳುತ್ತಾರೆ, ತಟ್ಟೆ ಬಡಿದರೆ ತಿರುಗುತ್ತಾನೆ, ಬಾಗಿಲು ಬಡಿದರೆ ಬೆಚ್ಚುತ್ತಾನೆ ಎಂದು. ಅವೆಲ್ಲ ಜೋರು ಸದ್ದುಗಳು. ಕಿವಿ ಸ್ವಲ್ಪ ಮಂದವಾಗಿರುವ ಮಗುವಿಗೂ ಅವು ಕೇಳಿಸುತ್ತವೆ. ಕೇಳಿಸದೆ ಹೋಗುವುದು ‘ಸ’, ‘ಫ’, ‘ತ’ದಂಥ ಮೆಲುದನಿಗಳು ಮತ್ತು ಪದಗಳ ಕೊನೆ. ಮಗುವಿನ ಪಾಲಿಗೆ ಆಗ ನಮ್ಮ ಮಾತು, ಪಕ್ಕದ ಮನೆಯ ಗೋಡೆಯಾಚೆಯಿಂದ ಬರುವ ಮಾತಿನಂತೆ ಇರುತ್ತದೆ. ಆದ್ದರಿಂದ ಮನೆಯ ಪರೀಕ್ಷೆ ಸಾಲದು, ಯಂತ್ರದ ಪರೀಕ್ಷೆಯೇ ಆಗಬೇಕು. ನೋವಿಲ್ಲ, ಸೂಜಿಯಿಲ್ಲ, ಒಂದು ಪರೀಕ್ಷೆಯಂತೂ ಮಗು ನಿದ್ದೆಯಲ್ಲಿದ್ದಾಗಲೇ ಆಗುತ್ತದೆ. ಆರ್‌ಬಿಎಸ್‌ಕೆ ಎಂಬ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ 2013ರಿಂದ ಇದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕೆಂಬ ನಿಯಮವಿದೆ. ಅವರು ಬರುವವರೆಗೆ ಕಾಯಬೇಕಾಗಿಲ್ಲ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಜಿಲ್ಲಾಸ್ಪತ್ರೆಗೆ ಕಳುಹಿಸುವ ದಾರಿ ತಿಳಿಸುತ್ತಾರೆ. ಮುಂದೆ ಹೆಚ್ಚಿನ ಪರೀಕ್ಷೆ ಬೇಕೆನಿಸಿದರೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ಬಜೆಯನ್ನು ನಾಲಿಗೆಗೆ ಹಚ್ಚಬೇಡಿ. ಅದರಲ್ಲಿರುವ ಆಸರೋನ್ ಎಂಬ ಅಂಶ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹಾನಿಕರವೆಂದು ಕಂಡುಬಂದ ಕಾರಣ ಅಮೆರಿಕದಲ್ಲಿ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ಅಲ್ಲದೆ ಮಾತು ತಡವಾಗಲು ನಾಲಿಗೆ ಮಂದವಾಗಿರುವುದು ಕಾರಣವಾಗುವುದಿಲ್ಲ. ಮಾತು ತಯಾರಾಗುವುದು ಕಿವಿ ಮತ್ತು ಮಿದುಳಿನಲ್ಲಿ. ಅಜ್ಜಿಯವರ ಮನಸ್ಸು ನೋಯಬಾರದೆಂದರೆ ಬಜೆಯ ಬಳೆ ಮಾಡಿ ಕೈಗೆ ಕಟ್ಟಲಿ, ಆದರೆ ಅದೂ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕಾಗುತ್ತದೆ.

ಫೋನಿನ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಫೋನಿನಲ್ಲಿ ವಿಷವಿದೆ ಎಂದು ನಾನು ಹೇಳುತ್ತಿಲ್ಲ. ಫೋನು ಮಾತನಾಡುತ್ತದೆ, ಆದರೆ ಮಗು ‘ಊಂ’ ಎಂದರೆ ಅದು ನಿಂತು ಕೇಳುವುದಿಲ್ಲ. ಮಗು ಒಂದು ಸದ್ದು ಮಾಡುತ್ತದೆ, ನೀವು ಅದಕ್ಕೆ ಉತ್ತರ ಕೊಡುತ್ತೀರಿ, ಮಗು ಮತ್ತೆ ಏನೋ ಅನ್ನುತ್ತದೆ. ಈ ಕೊಡು-ಕೊಳ್ಳುವಿಕೆಯೇ ಮಾತು ಕಲಿಯುವ ದಾರಿ. ಊಟದ ಹೊತ್ತು ದಿನಕ್ಕೆ ನಾಲ್ಕು ಸಲ ಬರುವುದರಿಂದ, ಆ ನಾಲ್ಕೂ ಅವಕಾಶಗಳನ್ನು ಫೋನು ನುಂಗುತ್ತಿದೆ.

ಕೊನೆಯದಾಗಿ, ‘ಇದೇನು? ಅದೇನು? ಹೇಳು ಪುಟ್ಟಾ, ಹೇಳು’ ಎಂದು ಪರೀಕ್ಷೆ ನಡೆಸಬೇಡಿ. ಅವನ ಕಣ್ಣಿನ ಮಟ್ಟಕ್ಕೆ ಕುಳಿತು, ಅವನು ನೋಡುತ್ತಿರುವುದನ್ನು ನೀವೂ ನೋಡಿ, ಅದರ ಹೆಸರು ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹತ್ತು ಬಹಳ ಉದ್ದವೆನಿಸುತ್ತದೆ, ನಮ್ಮಲ್ಲಿ ಮೂರಕ್ಕೇ ಬಾಯಿ ತೆರೆಯುವವರು ಹೆಚ್ಚು. ಅವನು ‘ನೀಳ್ಳು’ ಎಂದರೆ ಒಂದೇ ಒಂದು ಪದ ಸೇರಿಸಿ ‘ಬಿಸಿ ನೀರು’ ಎಂದು ಹಿಂದಿರುಗಿಸಿ. ಅಜ್ಜಿ ಅದನ್ನೇ ತೆಲುಗಿನಲ್ಲಿ ಹೇಳಲಿ.

ಹಳೇ ಬೇರು (ಗೌರಿಬಿದನೂರು), ಡಿಸೆಂಬರ್ 30

ಕಿವಿಯ ಮಾತನ್ನು ಒಪ್ಪಿದೆ, ಅದು ನನಗೆ ಹೊಳೆದಿರಲಿಲ್ಲ. ಆದರೆ ಈ ‘ಕುಳಿತು ಆಡಿ, ಎದುರು ನೋಡಿ’ ಎಂಬುದು ಸಂಬಳದವರ ಮನೆಯ ಮಾತಲ್ಲವೇ? ಬೆಳಗಿನ ಐದಕ್ಕೆ ಹಾಲು ಕರೆದು ಡೇರಿಗೆ ಹಾಕಿ, ಆರಕ್ಕೆ ಸೊಪ್ಪಿಗೆ ಹೋಗುವ ಹೆಣ್ಣುಮಗಳಿಗೆ ಇನ್ನೊಂದು ಕೆಲಸ ಅಂಟಿಸಿ, ಮಗು ಮಾತನಾಡದಿದ್ದರೆ ನಿನ್ನದೇ ತಪ್ಪು ಎಂದು ಹೇಳಿದಂತಾಗುತ್ತದೆ.

ಬಾಲವಾಡಿ ಅಜ್ಜಿ (ಕೋಲಾರ ತಾಲ್ಲೂಕು), ಡಿಸೆಂಬರ್ 31

ಹಳೇ ಬೇರು ಅವರೇ, ತಾವು ಹೇಳಿದ್ದರಲ್ಲಿ ಅರ್ಧ ನಿಜ, ಅದು ತೂಕದ ಅರ್ಧ. ನಿಮ್ಮವ್ವ ಕಳೆ ಕೀಳುತ್ತಿದ್ದಾಗ ಆ ಹೊಂಗೆ ಮರದ ಕೆಳಗೆ ನಿಮ್ಮನ್ನು ತೂಗುತ್ತಿದ್ದವರು ಯಾರು? ಅಕ್ಕನೋ, ಮುದುಕಿಯೊಬ್ಬಳೋ ಇದ್ದೇ ಇದ್ದಿರಬೇಕು. ಆಡಿಸುವ ಕೈ ಹತ್ತಿದ್ದವು. ಈಗ ಮನೆಗೆ ಒಬ್ಬ ಅಜ್ಜಿ, ಅವರಿಗೂ ಮಂಡಿನೋವು. ಆ ಹತ್ತು ಕೈಗಳ ಕೆಲಸ ತಾಯಿಯೊಬ್ಬಳ ತಲೆಗೆ ಬಿದ್ದಿದೆ ಎಂಬುದೇ ನನ್ನ ಸಂಕಟವೂ ಹೌದು. ನಮ್ಮ ಸರ್ಕಾರ 2023-24ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಆರಂಭಿಸಿದ್ದು ಇದೇ ಕಾರಣಕ್ಕೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ಹಗಲಿನಲ್ಲಿ ನೋಡಿಕೊಳ್ಳುವ ಜಾಗ ಅದು. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ, ಬೀಗ ಬಿದ್ದಿದೆಯೇ ಎಂದು ಹೋಗಿ ನೋಡಿ; ತಾಯಿಯನ್ನು ಕೇಳುವ ಪ್ರಶ್ನೆಯನ್ನು ಅಲ್ಲಿಯೂ ಕೇಳಬಹುದು. ಅಪ್ಪಂದಿರನ್ನೂ ಕೇಳಬಹುದು, ಇಲ್ಲಿ ಪ್ರಶ್ನೆ ಹಾಕಿದವರು ಅಪ್ಪನೇ ಎಂಬುದು ನನಗೆ ಸಂತೋಷ ಕೊಟ್ಟಿತು.

ಇನ್ನು, ಇದು ಉಳ್ಳವರ ಮನೆಯ ಮಾತು ಎಂಬುದಕ್ಕೆ ತರಬೇತಿಯೊಂದರಲ್ಲಿ ಕೇಳಿ ಆಮೇಲೆ ಓದಿ ಖಚಿತಪಡಿಸಿಕೊಂಡ ಒಂದು ಸಂಗತಿ ಹೇಳುತ್ತೇನೆ. ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1986-87ರಲ್ಲಿ, ಬೆಳವಣಿಗೆ ಕುಂಠಿತವಾಗಿದ್ದ, 9ರಿಂದ 24 ತಿಂಗಳ 129 ಮಕ್ಕಳನ್ನು ಆರಿಸಿಕೊಂಡರು. ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರು ಕೆಲವು ಮಕ್ಕಳ ಮನೆಗೆ ವಾರಕ್ಕೊಮ್ಮೆ ಹೋಗಿ, ಎರಡು ವರ್ಷ ಕಾಲ, ಒಂದೊಂದು ಗಂಟೆ ತಾಯಿಯನ್ನು ಕೂರಿಸಿಕೊಂಡು ಮಗುವಿನೊಂದಿಗೆ ಆಡುವುದನ್ನು ತೋರಿಸಿಕೊಟ್ಟರು. ಆಟಿಕೆಗಳನ್ನು ಮನೆಯ ರದ್ದಿಯಿಂದಲೇ ಮಾಡುತ್ತಿದ್ದರು. ಇಪ್ಪತ್ತು ವರ್ಷಗಳ ನಂತರ ಹುಡುಕಿ ನೋಡಿದಾಗ, ಆ ಆಟ-ಮಾತು ಸಿಕ್ಕ ಮಕ್ಕಳ ದುಡಿಮೆ, ಸಿಗದವರಿಗಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತು. ಅವರು ಕೊಟ್ಟದ್ದು ವಾರಕ್ಕೆ ಒಂದು ಗಂಟೆ, ಸಂಬಳದವರ ಮನೆಗಲ್ಲ.

ಕೆರೆಯಂಗಳ (ಚಿಂತಾಮಣಿ), ಜನವರಿ 2

ಆಟ, ಮಾತು ಎಲ್ಲವೂ ಸರಿ. ನಮ್ಮ ಸೀಮೆಯಲ್ಲಿ ನೀರಿನ ಮಾತನ್ನೂ ಎತ್ತಬೇಕು. ನನ್ನ ತಂಗಿ ಮಗುವಿಗೆ ರಾಗಿ ಸರಿ ಬಹಳ ಶಾಸ್ತ್ರೋಕ್ತವಾಗಿ ಮಾಡುತ್ತಾಳೆ: ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಆರಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡುತ್ತಾಳೆ. ಆಮೇಲೆ ಆ ಸರಿಯನ್ನು ಕೊಳವೆಬಾವಿಯ ನೀರಿನಲ್ಲಿ ಕುದಿಸುತ್ತಾಳೆ, ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆಯಿಂದ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಈ ಎಳೆ ವರ್ಷಗಳಲ್ಲೇ ಆದ್ದರಿಂದ, ಹೆಚ್ಚಾದ ಫ್ಲೋರೈಡ್‌ನಿಂದ ಹಲ್ಲಿಗೆ ಬರುವ ಕಂದು ಕಲೆಯ ಬೀಜ ಬೀಳುವುದೂ ಈಗಲೇ. ಮಗುವಿನ ಅಡುಗೆಗೆ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಿ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂಬ ನಿಯಮಕ್ಕೆ ನಮ್ಮಲ್ಲಿ ಇನ್ನೊಂದು ಬಲವಾದ ಕಾರಣವಿದೆ: ತಾಯಿ ಎಂಥ ನೀರು ಕುಡಿದರೂ ಎದೆಹಾಲಿನಲ್ಲಿ ಫ್ಲೋರೈಡ್ ತೀರ ಕಡಿಮೆ.

ಕಲ್ಪತರು (ತುಮಕೂರು), ಜನವರಿ 2

ಇದಕ್ಕೊಂದು ಸಾಲು ಸೇರಿಸುತ್ತೇನೆ. ರಾಗಿ ಸುಣ್ಣದ ಅಂಶಕ್ಕೆ ಶ್ರೇಷ್ಠ, ಕಬ್ಬಿಣಕ್ಕೆ ಅದೊಂದನ್ನೇ ನಂಬಬೇಡಿ. ಕಬ್ಬಿಣ ಕಡಿಮೆಯಾದ ಮಗು ಮಂಕಾಗುತ್ತದೆ, ಆಟದಲ್ಲಿ ಆಸಕ್ತಿ ಕಳೆದುಕೊಳ್ಳುತ್ತದೆ, ಮಿದುಳಿನ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಉಚಿತವಾಗಿ ಸಿಗುತ್ತದೆ. ಆಶಾ ಕೊಟ್ಟ ಬಾಟಲಿ ಎಷ್ಟೋ ಮನೆಗಳಲ್ಲಿ ದೇವರ ಗೂಡಿನ ಪಕ್ಕ ಬಿಚ್ಚದೆ ಕುಳಿತಿರುತ್ತದೆ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ), ಜನವರಿ 3

ನಡುವೆ ನನ್ನದೊಂದು ಪ್ರಶ್ನೆ. ಮಗಳಿಗೆ 13 ತಿಂಗಳು, ಹಿಡಿದುಕೊಂಡು ನಿಲ್ಲುತ್ತಾಳೆ, ಇನ್ನೂ ನಡೆಯುತ್ತಿಲ್ಲ. ಸೋದರಮಾವ ವಾಕರ್ ತಂದುಕೊಟ್ಟಿದ್ದಾರೆ. ಕೂರಿಸಬಹುದೇ?

ಕಲ್ಪತರು (ತುಮಕೂರು), ಜನವರಿ 3

ಬೇಡ. ವಾಕರ್‌ನಿಂದ ನಡಿಗೆ ಬೇಗ ಬರುವುದಿಲ್ಲ, ಹೊಸ್ತಿಲಲ್ಲೂ ಮೆಟ್ಟಿಲಲ್ಲೂ ಉರುಳುವುದು ಮಾತ್ರ ಬೇಗ ಬರುತ್ತದೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಂತೆ ಆರೋಗ್ಯವಂತ ಮಕ್ಕಳು ಒಬ್ಬರೇ ನಡೆಯಲು ಆರಂಭಿಸುವುದು 8.2ರಿಂದ 17.6 ತಿಂಗಳೊಳಗೆ ಯಾವಾಗಲಾದರೂ ಆಗಬಹುದು. ಬರಿಗಾಲಲ್ಲಿ ಬಿಡಿ, ಗೋಡೆಯುದ್ದಕ್ಕೂ ದಿವಾನ, ಕುರ್ಚಿ ಜೋಡಿಸಿ ಹಿಡಿದು ಸಾಗಲು ದಾರಿ ಮಾಡಿ. 18 ತಿಂಗಳು ತುಂಬಿಯೂ ನಡೆಯದಿದ್ದರೆ ತೋರಿಸಿ.

ಚಂದ್ರಿಕೆ (ಶಿಡ್ಲಘಟ್ಟ ತಾಲ್ಲೂಕು), ಜನವರಿ 20

ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಗೂಡು ಮಾರುಕಟ್ಟೆಗೆ ಹೋದ ಮರುದಿನವೇ ಮಗನನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆವು. ಬಾಲವಾಡಿ ಅಜ್ಜಿಯವರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಉತ್ತರ: ಬೆರಳು ಮಾಡಿ ತೋರಿಸುತ್ತಾನೆ, ತೋರಿಸಿ ನಮ್ಮ ಮುಖವನ್ನೂ ನೋಡುತ್ತಾನೆ, ಎದುರಿಗೆ ನಿಂತು ಹೇಳಿದರೆ ಚಪ್ಪಲಿಯನ್ನೂ ತರುತ್ತಾನೆ. ಹಿಂದಿನಿಂದ ಮೆಲ್ಲಗೆ ಕರೆದಾಗ ಮಾತ್ರ ತಿರುಗಲಿಲ್ಲ. ಆರು ಸಲ ಕರೆದೆ. ಆರನೆಯ ಸಲ ನನ್ನ ತಾಯಿ ಬಜೆಯ ಕೊಂಬನ್ನು ಎತ್ತಿ ಒಳಗಿಟ್ಟರು.

ಎರಡೂ ಕಿವಿಯಲ್ಲಿ, ಪರದೆಯ ಹಿಂದೆ ದ್ರವ ತುಂಬಿಕೊಂಡಿದೆಯಂತೆ. ಒಳಗಿನ ನರ ಸರಿಯಿದೆ. ನೆಗಡಿಯಾದಾಗಲೆಲ್ಲ ಹೀಗಾಗುವುದು ಈ ವಯಸ್ಸಿನಲ್ಲಿ ಸಾಮಾನ್ಯವೆಂದೂ, ಹಲವರಿಗೆ ತಾನಾಗಿಯೇ ಇಳಿಯುತ್ತದೆಂದೂ, ಮೂರು ತಿಂಗಳು ನೋಡಿ ಮತ್ತೆ ಪರೀಕ್ಷಿಸೋಣವೆಂದೂ ವೈದ್ಯರು ಹೇಳಿದರು. ಮಲಗಿಸಿ ಬಾಟಲಿಯಲ್ಲಿ ಹಾಲು ಕುಡಿಸುತ್ತೀರಾ ಎಂದು ಕೇಳಿದರು; ಹೌದು. ಮನೆಯೊಳಗೆ ಯಾರಾದರೂ ಬೀಡಿ ಸೇದುತ್ತಾರಾ ಎಂದು ಕೇಳಿದರು. ನನ್ನ ತಂದೆ ಆ ಹೊತ್ತಿಗೆ ಬಾಗಿಲಾಚೆ ನೋಡುತ್ತಿದ್ದರು. ಈಗ ಅವರ ಬೀಡಿ ಹಸುವಿನ ಕೊಟ್ಟಿಗೆಯಾಚೆಗೆ ಹೋಗಿದೆ, ಹಾಲು ಲೋಟಕ್ಕೆ ಬಂದಿದೆ.

ಫೋನ್ ಬಿಡಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮೊದಲ ಎರಡು ದಿನ ಅವನು ಸರಿಯಾಗಿ ಉಣ್ಣಲಿಲ್ಲ, ತಟ್ಟೆ ಎಸೆದ, ನನ್ನ ಹೆಂಡತಿ ಅತ್ತಳು, ನಾನು ಸೋತು ಜೇಬಿಗೆ ಕೈಹಾಕಿದ್ದೂ ಉಂಟು. ಮೂರನೆಯ ದಿನ ಊಟವನ್ನು ಹಸುವಿನ ಮುಂದಕ್ಕೆ ಸಾಗಿಸಿದೆವು. ಹಸು ಒಂದು ತುತ್ತು ಹುಲ್ಲು ಎಳೆದರೆ ಇವನದೊಂದು ತುತ್ತು.

ಗಡಿನಾಡ ತಾಯಿ (ಮುಳಬಾಗಿಲು), ಜನವರಿ 20

ತಟ್ಟೆ ಎಸೆಯುವ ಆ ಎರಡು ದಿನವನ್ನು ದಾಟಿದ್ದೀರಲ್ಲ, ಅಲ್ಲಿಯೇ ಹೆಚ್ಚಿನವರು ಕೈಚೆಲ್ಲುವುದು.

ಚಂದ್ರಿಕೆ (ಶಿಡ್ಲಘಟ್ಟ ತಾಲ್ಲೂಕು), ಏಪ್ರಿಲ್ 14

ಮರುಪರೀಕ್ಷೆ ಆಯಿತು. ಬಲಗಿವಿ ತಿಳಿಯಾಗಿದೆ, ಎಡಗಿವಿಯಲ್ಲಿ ದ್ರವ ಇನ್ನೂ ಇದೆ. ಜುಲೈನಲ್ಲಿ ಮತ್ತೆ ಬರಬೇಕು, ಆಗಲೂ ಇಳಿಯದಿದ್ದರೆ ಸಣ್ಣ ನಳಿಕೆ ಹಾಕುವ ಬಗ್ಗೆ ಯೋಚಿಸೋಣ ಎಂದಿದ್ದಾರೆ. ಹದಿನೈದು ದಿನಕ್ಕೊಮ್ಮೆ ವಾಕ್ ಚಿಕಿತ್ಸೆಗೆ ಹೋಗುತ್ತಿದ್ದೇವೆ.

ಡೇರಿಯ ಹಳೆಯ ಹಾಲಿನ ಪುಸ್ತಕವೊಂದರಲ್ಲಿ ಅವನ ಮಾತುಗಳನ್ನು ಬರೆದಿಡುತ್ತಿದ್ದೇವೆ. ಬೆಳಿಗ್ಗೆ, ಸಂಜೆ ಎಂದು ಅಚ್ಚಾಗಿರುವ ಎರಡು ಕಾಲಂಗಳಲ್ಲಿ ಒಂದಕ್ಕೆ ಕನ್ನಡ, ಇನ್ನೊಂದಕ್ಕೆ ತೆಲುಗು. ನಿನ್ನೆಗೆ ಒಟ್ಟು 34 ಆಯಿತು. ಅವುಗಳಲ್ಲಿ ಎರಡನ್ನು ಜೋಡಿಸಿ ಅವನು ಮೊದಲು ಹೇಳಿದ್ದು ಹುಳುವಿನ ಮನೆಯ ಬಾಗಿಲಲ್ಲಿ: ನಾಲ್ಕನೇ ಜ್ವರದಿಂದ ಎದ್ದ ಹುಳು ಸೊಪ್ಪು ಮೇಯುವಾಗ ಬರುವ ಸದ್ದಿಗೆ ಬಲಗಿವಿಯನ್ನು ವಾಲಿಸಿ ನಿಂತು, ‘ಅವ್ವಾ, ವಾನ’ ಎಂದ. ವಾನ ಎಂದರೆ ತೆಲುಗಿನಲ್ಲಿ ಮಳೆ. ನನ್ನ ತಾಯಿ ಅದನ್ನು ತಾವೇ ಬರೆಯುತ್ತೇನೆಂದು ಪೆನ್ನು ಕೇಳಿದರು. ಅವರಿಗೆ ಬರೆಯಲು ಬರುವುದು ಸಹಿ ಮಾತ್ರ, ಆದ್ದರಿಂದ ಆ ಸಾಲಿನ ಮುಂದೆ ಸಹಿ ಹಾಕಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ಮುಂದಿನ ವರ್ಷ ಮೂರು ತುಂಬುತ್ತದೆ. ಊರಿನ ಅಂಗನವಾಡಿಗೆ ಸೇರಿಸಬೇಕೇ, ಪೇಟೆಯಲ್ಲಿ ಮೂರು ವರ್ಷಕ್ಕೇ ಅಕ್ಷರ ಬರೆಸುವ ಶಾಲೆಗೆ ವ್ಯಾನಿನಲ್ಲಿ ಕಳುಹಿಸಬೇಕೇ?

ಬಾಲವಾಡಿ ಅಜ್ಜಿ (ಕೋಲಾರ ತಾಲ್ಲೂಕು), ಏಪ್ರಿಲ್ 15

ಎರಡೂ ಕಡೆ ಅರ್ಧ ದಿನ ಹೋಗಿ ಕುಳಿತು ನೋಡಿ. ಎಲ್ಲಿ ಮಕ್ಕಳು ಮಾತನಾಡುತ್ತಿದ್ದು ಟೀಚರ್ ಕೇಳಿಸಿಕೊಳ್ಳುತ್ತಿರುತ್ತಾರೋ ಅಲ್ಲಿಗೆ ಸೇರಿಸಿ. ಅದು ಯಾವುದಾದರೂ ಆಗಬಹುದು. ಮೂರು ವರ್ಷದ ಬೆರಳಿಗೆ ಸಾಲು ತುಂಬ ‘ಅ’ ಬರೆಸುವ ಆತುರ ಬೇಡ, ಒಂದನೇ ತರಗತಿಗೆ ಆರು ವರ್ಷ ತುಂಬಬೇಕೆಂಬ ನಿಯಮವೇ ಬಂದಿರುವಾಗ ಅವನಿಗೆ ಇನ್ನೂ ಮೂರು ವರ್ಷ ಆಟದ ಕಾಲವಿದೆ. ನಾನಾಗಿದ್ದರೆ ಅಂಗನವಾಡಿ ಎನ್ನುತ್ತಿದ್ದೆ, ಆದರೆ ನನ್ನ ಮಾತಿಗೆ ಮೂವತ್ತೊಂದು ವರ್ಷದ ಪಕ್ಷಪಾತವಿದೆ.

ಕಲ್ಪತರು (ತುಮಕೂರು), ಏಪ್ರಿಲ್ 15

ಎಲ್ಲಿಗೇ ಸೇರಿಸಿದರೂ ಎಡಗಿವಿಯ ವಿಷಯವನ್ನು ಟೀಚರ್‌ಗೆ ಮೊದಲ ದಿನವೇ ಹೇಳಿ, ಅವರ ಮಾತು ಬಲಗಿವಿಗೆ ಬೀಳುವ ಜಾಗದಲ್ಲಿ ಮಗುವನ್ನು ಕೂರಿಸಲು ಕೇಳಿಕೊಳ್ಳಿ. ಜುಲೈವರೆಗೆ ಮನೆಯಲ್ಲೂ ಅಷ್ಟೆ. ಅವ್ವನ ಜಾಗ ಅವನ ಬಲಕ್ಕೆ.